ಪತ್ತನಾಜೆಯಿಂದ ಚೌತಿಯವರೆಗೆ: ಸಣ್ಣ ದೋಣಿಯ ಮಳೆಗಾಲದ ಆರೈಕೆ

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ ನಮ್ಮ ದೋಣಿ ಹಿಂದಕ್ಕೆ ವಾಲಿ ಕೂತಿತ್ತು. ರಾತ್ರಿಯ ಗಾಳಿಗೆ ಟರ್ಪಾಲಿನ ಹಗ್ಗ ಬಿಚ್ಚಿಕೊಂಡಿತ್ತು. ಮಳೆನೀರು ಇಳಿದುಹೋಗುವಂತೆ ತಳದ ತೂತಿನ ಬಿರಡೆ ತೆಗೆಯಲು ನಾನು ಮರೆತಿದ್ದೆ. ಒಳಗೆ ಮೊಣಕಾಲುದ್ದ ನೀರು. ಬ್ಯಾಟರಿ ಮುಳುಗಿತ್ತು. ಹಿಂದಿನ ಮರದ ದಿಮ್ಮಿ ಮರಳಿನಲ್ಲಿ ಒಂದು ಕಡೆಗೆ ಹೂತು, ಅದರ ಅಂಚು ದೋಣಿಯ ತಳವನ್ನು ಒತ್ತಿ ಬಿರುಕು ಬಿಡಿಸಿತ್ತು. ನೀರಿನಲ್ಲಿ ಏಳು ತಿಂಗಳು ಓಡಾಡಿ ಏನೂ ಆಗದ ದೋಣಿ ನೆಲದ ಮೇಲೆ ಒಂದೇ ರಾತ್ರಿಯಲ್ಲಿ ಪೆಟ್ಟು ತಿಂದಿತು.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ದೋಣಿಯ ತೆರೆದ ಭಾಗ ಸುಮಾರು 7 ಚದರ ಮೀಟರ್. ಕರಾವಳಿಯಲ್ಲಿ ಒಂದು ದಿನಕ್ಕೆ 150 ಮಿಲಿಮೀಟರ್ ಸುರಿಯುವುದು ಹೊಸದೇನಲ್ಲ. ಅಲ್ಲಿಗೆ 1050 ಲೀಟರ್ ಆಯಿತು, ಅಂದರೆ ಒಂದು ಟನ್‌ಗಿಂತ ಜಾಸ್ತಿ ಭಾರ.

ಅಂದಿನಿಂದ ನಾನು ದೋಣಿಯ ಕೆಲಸಗಳನ್ನು ಮಳೆ ನೋಡಿಯೇ ಜೋಡಿಸುತ್ತೇನೆ. ಒಣಗಬೇಕಾದ ಕೆಲಸವೆಲ್ಲ ಮೇ ಬಿಸಿಲಲ್ಲಿ. ಮನೆಯೊಳಗೆ ಕೂತು ಮಾಡಬಹುದಾದದ್ದು ಜೂನ್, ಜುಲೈಯಲ್ಲಿ. ಬಣ್ಣ ಮತ್ತು ಜೋಡಣೆ ಆಗಸ್ಟಿನಿಂದ, ಬಿಸಿಲು ಬಿಟ್ಟಾಗ. ಈ ಕ್ರಮ ತಪ್ಪಿದರೆ ಒಳ್ಳೆಯ ಸಾಮಾನು ಹಾಕಿದರೂ ಕೆಲಸ ಬಾಳಿಕೆ ಬರುವುದಿಲ್ಲ.

ನಮ್ಮದು 22 ಅಡಿಯ ಫೈಬರ್ ದೋಣಿ. ಮುಂದೆ ಇಬ್ಬರು ಮಲಗುವಷ್ಟು ಸಣ್ಣ ಕ್ಯಾಬಿನ್ ಇದೆ, ಹಿಂದೆ 25 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಅಕ್ಟೋಬರ್‌ನಿಂದ ಮೇವರೆಗೆ ಉಡುಪಿ ಬಳಿಯ ಸ್ವರ್ಣಾ, ಸೀತಾ ನದಿಗಳಲ್ಲಿ ಮನೆಯವರೆಲ್ಲ ಸುತ್ತುತ್ತೇವೆ. ಸಮುದ್ರ ತಣ್ಣಗಿರುವ ದಿನ ಸೈಂಟ್ ಮೇರೀಸ್ ದ್ವೀಪದ ಕಡೆಗೂ ಹೋಗುತ್ತೇವೆ. ಇಂಥದೇ ದೋಣಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭಾಗ: ಮಳೆ ಬರುವ ಮೊದಲು

ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಕೋಲ, ಯಕ್ಷಗಾನಗಳ ಋತು ಮುಗಿಯುವ ದಿನ, ಬರುವುದು ಮೇ 24ರ ಆಸುಪಾಸಿನಲ್ಲಿ. ಅಷ್ಟರೊಳಗೆ ದೋಣಿ ಮೇಲೆ ಬಂದು, ತೊಳೆದು, ಬಿರುಕು ಮುಚ್ಚಿ ಆಗಿರಬೇಕು. ಹಾಗಾಗಿ ಮೇ ಮೊದಲ ಅಥವಾ ಎರಡನೇ ವಾರದಲ್ಲೇ ಎಳೆಯಿರಿ. ಇನ್ನೊಂದು ಕಾರಣವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆಯಿಂದ ಗಂಗೊಳ್ಳಿಯವರೆಗೆ ಎಲ್ಲ ಮೆಕ್ಯಾನಿಕ್‌ಗಳೂ ಮೀನುಗಾರರ ಬೋಟಿನ ಕೆಲಸದಲ್ಲಿರುತ್ತಾರೆ. ಅದು ಅವರ ಹೊಟ್ಟೆಪಾಡು, ನಮ್ಮ ಸುತ್ತಾಟದ ದೋಣಿ ಅದರ ನಂತರ. ಮೆಕ್ಯಾನಿಕ್ ಬೇಕಿದ್ದರೆ ಮೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ.

*ಎಳೆದು ಕೂರಿಸುವುದು.* ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತ (ಉಬ್ಬರ) ನೋಡಿ ಎಳೆದರೆ ನೀರೇ ಅರ್ಧ ಕೆಲಸ ಮಾಡಿಕೊಡುತ್ತದೆ. ಜಾಗ ಆರಿಸುವಾಗ ಮೂರು ವಿಷಯ ನೋಡಿ. ಹೊಳೆಯ ನೆರೆ ಮುಟ್ಟುವ ಗೆರೆಗಿಂತ ಮೇಲಿರಬೇಕು. ಮಳೆನೀರು ಹರಿದು ಹೋಗುವ ದಾರಿಯಲ್ಲಿ ಇರಬಾರದು. ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ನೆರಳಿದೆ ಅಂತ ಆಸೆಯಾಗುತ್ತದೆ, ಆದರೆ ಒಂದು ಒಣಗಿದ ಮಡಲು ಅಥವಾ ಕಾಯಿ ಬಿದ್ದರೆ ಕ್ಯಾಬಿನ್ನಿನ ಮೇಲ್ಛಾವಣಿ ತೂತಾಗುತ್ತದೆ.

ಮರಳಿನ ಮೇಲೆ ನೇರವಾಗಿ ದಿಮ್ಮಿ ಇಡಬೇಡಿ. ಮಳೆಗೆ ಮರಳು ಜಾರುತ್ತದೆ. ಕೆಳಗೆ ಕೆಂಪುಕಲ್ಲು ಹಾಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ದಿಮ್ಮಿ. ದೋಣಿಯ ಭಾರವೆಲ್ಲ ನಡುವಿನ ಕೀಲ್, ಅಂದರೆ ತಳದ ಬೆನ್ನೆಲುಬಿನ ಮೇಲೆ ಕೂರಬೇಕು. ಪಕ್ಕದ ಆಧಾರಗಳು ದೋಣಿ ವಾಲದಂತೆ ಹಿಡಿಯುವುದಕ್ಕೆ ಮಾತ್ರ. ಆ ಆಧಾರಗಳನ್ನು ಒಳಗಿನ ಅಡ್ಡಗೋಡೆ ಇರುವ ಕಡೆಗೇ ಕೊಡಿ, ಅಲ್ಲಿ ತಳ ಗಟ್ಟಿ ಇರುತ್ತದೆ. ಹಳೆ ಟಯರ್ ತುಂಡು ನಡುವೆ ಇಟ್ಟರೆ ಗೀರು ಬೀಳುವುದಿಲ್ಲ. ಮುಂಭಾಗ ಹಿಂಭಾಗಕ್ಕಿಂತ ನಾಲ್ಕು ಇಂಚು ಎತ್ತರ ಇರಲಿ. ಆಮೇಲೆ ತಳದ ಬಿರಡೆ ತೆಗೆಯಿರಿ. ನಾನು ಈಗ ತೆಗೆದ ಬಿರಡೆಯನ್ನು ಎಂಜಿನ್ನಿನ ಕೀಲಿಕೈಗೇ ಕಟ್ಟಿಡುತ್ತೇನೆ. ತೂತಿಗೆ ಸಣ್ಣ ಜಾಲರಿ ಸಿಕ್ಕಿಸಿದರೆ ಕಪ್ಪೆ, ಇಲಿ ಒಳಗೆ ಬರುವುದಿಲ್ಲ, ಒಣಗೆಲೆಯೂ ಬಂದು ಕಟ್ಟಿಕೊಳ್ಳುವುದಿಲ್ಲ.

*ತಳ ಉಜ್ಜುವುದು.* ಇದಕ್ಕೆ ಕಾಯಬೇಡಿ. ತಳಕ್ಕೆ ಅಂಟಿಕೊಂಡು ಬೆಳೆಯುವ ಬಾರ್ನಕಲ್ ಚಿಪ್ಪು ಒದ್ದೆ ಇರುವಾಗ ಸುಲಭವಾಗಿ ಏಳುತ್ತದೆ. ಒಂದು ದಿನ ಬಿಸಿಲಲ್ಲಿ ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ. ಎಳೆದ ಗಂಟೆಯೊಳಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿ ಹಿಡಿದು ಕೂತುಬಿಡಿ. ಕಬ್ಬಿಣದ ಸಟ್ಟುಗ ಬೇಡ, ಹೊರಗಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಕಿತ್ತುಹೋಗುತ್ತದೆ. ಕೆರೆದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಒಣಗಿದ ಮೇಲೆ ಒಂದು ನಾಣ್ಯ ತೆಗೆದುಕೊಂಡು ತಳವನ್ನು ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ 'ಟಣ್' ಅನ್ನುತ್ತದೆ. ಪದರ ಬಿಟ್ಟ ಕಡೆ ಸದ್ದು ಸತ್ತುಹೋಗಿ 'ಡಬ್' ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಸದ್ದು ಬದಲಾದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ. ಸಣ್ಣ ಗುಳ್ಳೆ ಕಂಡರೆ ಕನ್ನಡಕ ಹಾಕಿಕೊಂಡೇ ಚುಚ್ಚಿ, ಒಳಗಿನ ನೀರು ಒತ್ತಡದಲ್ಲಿ ಹಾರುತ್ತದೆ. ಆ ನೀರಿಗೆ ವಿನೆಗರ್ ವಾಸನೆ ಇದ್ದರೆ ಫೈಬರ್ ಒಳಗೆ ನೀರು ಇಳಿದಿದೆ ಎಂದರ್ಥ. ಅಂಥ ಗುಳ್ಳೆಯನ್ನು ತೆರೆದು, ತೊಳೆದು, ಎಷ್ಟು ಬಿಸಿಲು ಸಿಗುತ್ತದೋ ಅಷ್ಟು ದಿನ ಒಣಗಲು ಬಿಡಿ.

*ಬಿರುಕು ಮುಚ್ಚುವುದು.* ಮಳೆ ಶುರುವಾದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಿಡಿತವೂ ಬರುವುದಿಲ್ಲ. ನಮ್ಮ ಒತ್ತು ಬಿದ್ದ ಬಿರುಕು ಒಂದು ಗೇಣು ಉದ್ದ ಇತ್ತು. ಅದನ್ನು ಮಾಡಿದ ರೀತಿ ಹೀಗೆ:

1. ಗ್ರೈಂಡರಿನಿಂದ ಬಿರುಕನ್ನು ಗಟ್ಟಿ ಫೈಬರ್ ಸಿಗುವವರೆಗೂ ತೆರೆಯಿರಿ. ಅಂಚನ್ನು ಇಳಿಜಾರು ಮಾಡಿ. ದಪ್ಪದ ಹನ್ನೆರಡು ಪಟ್ಟು ಅಗಲ ಇರಬೇಕು. 4 ಮಿಲಿಮೀಟರ್ ದಪ್ಪಕ್ಕೆ ಪ್ರತಿ ಬದಿಗೆ 5 ಸೆಂಟಿಮೀಟರ್. ನೋಡಲಿಕ್ಕೆ ಜಾಸ್ತಿ ಕೆರೆದಂತೆ ಕಾಣುತ್ತದೆ, ಆದರೆ ತೇಪೆ ನಿಲ್ಲುವುದು ಆ ಇಳಿಜಾರಿನ ಮೇಲೇ. ಮುಖಕ್ಕೆ ಒಳ್ಳೆಯ ಮಾಸ್ಕ್, ಉದ್ದ ತೋಳಿನ ಅಂಗಿ ಕಡ್ಡಾಯ. ಫೈಬರ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದು.
2. ಅಸಿಟೋನ್‌ನಲ್ಲಿ ಒರೆಸಿ, ಆರಲು ಬಿಡಿ.
3. 450 ಗ್ರಾಮಿನ ಫೈಬರ್ ಮ್ಯಾಟ್ ಒಂದು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಅಂದರೆ ನಾಲ್ಕು ಪದರ ಕತ್ತರಿಸಿಟ್ಟುಕೊಳ್ಳಿ. ರೆಸಿನ್ ಕಲಸಿದ ಮೇಲೆ ಕತ್ತರಿ ಹುಡುಕಲು ಸಮಯ ಇರುವುದಿಲ್ಲ.
4. ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಶೇಕಡಾ 1ರಿಂದ 2. ಮೇ ತಿಂಗಳ ಸೆಕೆಗೆ 1 ಸಾಕು. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾಡಿ. ನಡುಮಧ್ಯಾಹ್ನ ಮಾಡಿದರೆ ಡಬ್ಬದಲ್ಲೇ ಗಟ್ಟಿಯಾಗುತ್ತದೆ.
5. ಒಂದೊಂದು ಪದರವನ್ನೂ ರೋಲರಿನಿಂದ ಒತ್ತಿ, ಗಾಳಿಗುಳ್ಳೆ ಹೊರಗೆ ಹಾಕಿ.
6. ಕೊನೆಗೆ ಜೆಲ್‌ಕೋಟ್. ಗಾಳಿ ತಾಗಿದರೆ ಅದರ ಮೇಲ್ಮೈ ಅಂಟಾಗಿಯೇ ಉಳಿಯುತ್ತದೆ. ಮೇಣ ಬೆರೆಸಿದ ಜೆಲ್‌ಕೋಟ್ ತೆಗೆದುಕೊಳ್ಳಿ, ಇಲ್ಲವಾದರೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ.

ಇಲ್ಲಿ ಒಂದು ಮಾತು ದೊಡ್ಡದಾಗಿ ಹೇಳಬೇಕು. ಕೆಲವು ಅಂಗಡಿಯಲ್ಲಿ ರೆಸಿನ್, ಅದು ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್, ಹಾರ್ಡ್ನರ್ ಮೂರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನು ನೇರವಾಗಿ ಯಾವತ್ತೂ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್ನರ್. ಅಳೆಯುವ ಮುಚ್ಚಳ, ಚಮಚ ಎರಡಕ್ಕೂ ಬೇರೆ ಬೇರೆ ಇರಲಿ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಕ್ಕರೆ ಅದನ್ನೇ ಕೊಳ್ಳಿ.

*ಎಂಜಿನ್ ನೇತಾಡುವ ಹಿಂದಿನ ಗೋಡೆ.* ಇದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೆಚ್ಚಿನ ಸಣ್ಣ ಫೈಬರ್ ದೋಣಿಗಳಲ್ಲಿ ಇದರೊಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಿ, ಇನ್ನೊಬ್ಬರು ಗೋಡೆಯ ಮೇಲೆ ಕೈ ಇಟ್ಟು ನೋಡಲಿ. ಗೋಡೆ ಬಳುಕಿದರೆ, ಅಥವಾ ಬೋಲ್ಟ್ ತೆಗೆದಾಗ ಕಂದು ನೀರು ಒಸರಿದರೆ, ಒಳಗಿನ ಮರ ಬದಲಿಸಲೇಬೇಕು. ಅದನ್ನು ಬಲ್ಲವರ ಕೈಗೆ ಕೊಡಿ.

ಗಟ್ಟಿ ಇದ್ದರೆ ಹಾಗೇ ಉಳಿಸಿಕೊಳ್ಳಲು ಒಂದು ಒಳ್ಳೆಯ ಉಪಾಯವಿದೆ. ಪ್ರತಿ ತೂತನ್ನೂ ಸ್ವಲ್ಪ ದೊಡ್ಡದಾಗಿ ಕೊರೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಿ, ಆ ಎಪಾಕ್ಸಿಯ ನಡುವೆ ಸರಿಯಾದ ಅಳತೆಯ ತೂತು ಮತ್ತೆ ಕೊರೆಯಿರಿ. ಆಮೇಲೆ ಬೋಲ್ಟಿನ ಸುತ್ತ ಹಚ್ಚುವ ಸೀಲೆಂಟ್ ಸೋರಿದರೂ ನೀರು ಮರಕ್ಕೆ ತಾಗುವುದಿಲ್ಲ. ಹಗ್ಗ ಕಟ್ಟುವ ಗೂಟ, ಹಿಡಿಕೆ, ಎಲ್ಲದಕ್ಕೂ ಇದೇ ವಿಧಾನ. ಸೀಲೆಂಟ್ ಪಾಲಿಯುರೆಥೇನ್‌ನದೇ ಇರಲಿ. ಬಚ್ಚಲಿನ ಸಿಲಿಕಾನ್ ಬೇಡ.

ಎಂಜಿನ್

ಕೊನೆಯ ಸುತ್ತಾಟ ಮುಗಿದ ದಿನವೇ ಸಿಹಿನೀರಿನಲ್ಲಿ 10ರಿಂದ 15 ನಿಮಿಷ ಓಡಿಸಿ. ದೊಡ್ಡ ಡ್ರಮ್ಮಿನಲ್ಲಿ ಕಾಲು ಮುಳುಗಿಸಿದರೂ ಆಯಿತು, ನೀರು ಹೀರುವ ಕಿಂಡಿಗೆ ಪೈಪು ಕೂರಿಸಿದರೂ ಆಯಿತು. ಪಕ್ಕದ ಸಣ್ಣ ತೂತಿನಿಂದ ನೀರು ಜೋರಾಗಿ ಉಗುಳುತ್ತಿರಬೇಕು.

ಇನ್ನು ಪೆಟ್ರೋಲ್. ಈಗ ನಮಗೆ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಮಳೆಗಾಲದ ಮೂರು ತಿಂಗಳು ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಪೂರ್ತಿ ಇಳಿಸಿ. ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಾಣದಿದ್ದರೆ ಅದನ್ನು ಈಗಲೇ ಗಾಡಿಗೆ ಬಳಸಬಹುದು. ಟೂ ಸ್ಟ್ರೋಕ್‌ಗೆ ಆಯಿಲ್ ಬೆರೆಸಿದ್ದಾದರೆ ಗಾಡಿಗೆ ಬೇಡ. ಕಾರ್ಬ್ಯುರೇಟರ್ ಇರುವ ಎಂಜಿನ್ನಾದರೆ, ಸಿಹಿನೀರಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಪೈಪು ತೆಗೆದು ತಾನಾಗಿ ನಿಲ್ಲುವವರೆಗೆ ಬಿಡಿ. ಆಮೇಲೆ ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನಿನ ಫಿಲ್ಟರ್ ಕೂರಿಸಿದ್ದು ನಮ್ಮ ದೋಣಿಗೆ ಮಾಡಿದ ಸುಧಾರಣೆಗಳಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಉಪಯೋಗದ್ದು.

ಗೇರ್ ಆಯಿಲ್ ಬದಲಿಸುವಾಗ ಮೊದಲು ಕೆಳಗಿನ ಸ್ಕ್ರೂ, ಆಮೇಲೆ ಮೇಲಿನದು ತೆಗೆಯಿರಿ. ಇಳಿದು ಬರುವ ಆಯಿಲ್ಲನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಬೆರಳಿಂದ ಉಜ್ಜಿ ನೋಡಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಚಹಾದಂತೆ ಇದ್ದರೆ ಒಳಗೆ ನೀರು ಹೋಗಿದೆ. ಹೀಗಾಗಲು ನಮ್ಮ ಕಡೆ ತುಂಬ ಸಲ ಕಾರಣ ಮೀನಿನ ಬಲೆಯ ನೂಲು. ಅದು ಎಂಜಿನ್ನಿನ ಫ್ಯಾನಿನ (ಪ್ರೊಪೆಲ್ಲರಿನ) ಹಿಂದೆ ಸುತ್ತಿಕೊಂಡು, ಬಿಸಿಯಾಗಿ, ಶಾಫ್ಟಿನ ಸೀಲ್ ಕತ್ತರಿಸುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಫ್ಯಾನ್ ಬಿಚ್ಚಿ ನೋಡಲೇಬೇಕು. ಒಮ್ಮೆ ನಾನು ಅಲ್ಲಿಂದ ಒಂದು ಮುಷ್ಟಿಯಷ್ಟು ನೀಲಿ ನೈಲಾನ್ ಎಳೆದಿದ್ದೇನೆ. ಹೊರಗಿನಿಂದ ಒಂದು ಎಳೆಯೂ ಕಂಡಿರಲಿಲ್ಲ. ಹೊಸ ಆಯಿಲ್ಲನ್ನು ಕೆಳಗಿನ ತೂತಿನಿಂದಲೇ ತುಂಬಿ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕಿದಾಗ ಮೊದಲು ಮೇಲಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕೆಳಗಿನದು. ವಾಷರ್ ಎರಡೂ ಹೊಸದು.

ನೀರಿನ ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ರಬ್ಬರಿನದು. ನಮ್ಮ ಹೊಳೆಗಳ ಮರಳು ಅದನ್ನು ಬೇಗ ತಿನ್ನುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯದರ ಎಸಳು ಮುರಿದಿದ್ದರೆ ಆ ತುಂಡು ಸಿಗುವವರೆಗೂ ಹುಡುಕಿ, ಇಲ್ಲದಿದ್ದರೆ ಅದೇ ನೀರಿನ ದಾರಿ ಕಟ್ಟುತ್ತದೆ. ಎಂಜಿನ್ ಆಯಿಲ್, ಫಿಲ್ಟರ್ ಕೂಡ ಈಗಲೇ ಬದಲಿಸಿ. ಹಳೆ ಆಯಿಲ್ಲಿನ ಆಮ್ಲ ಮಳೆಗಾಲವಿಡೀ ಬೇರಿಂಗಿನ ಮೇಲೆ ಕೂರುವುದು ಬೇಡ. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸಿ, ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಎಂಜಿನ್ನನ್ನು ನೆಟ್ಟಗೆ ಇಡಿ, ಒಳಗಿನ ನೀರೆಲ್ಲ ತಾನಾಗಿ ಇಳಿಯುತ್ತದೆ.

ಹೊದಿಕೆ

ಟರ್ಪಾಲನ್ನು ದೋಣಿಗೆ ಅಂಟಿದಂತೆ ಬಿಗಿಯಬೇಡಿ. ನಡುವೆ ಉದ್ದಕ್ಕೆ ಒಂದು ಬಿದಿರಿನ ಗಳ ಕಟ್ಟಿ, ಅದರ ಮೇಲಿನಿಂದ ಎರಡೂ ಬದಿಗೆ ಗುಡಿಸಲಿನ ಮಾಡಿನಂತೆ ಇಳಿಜಾರು ಕೊಡಿ. ಇಳಿಜಾರು ಕಡಿಮೆಯಾದರೆ ನೀರು ನಿಂತು ಟರ್ಪಾಲು ಹೊಟ್ಟೆ ಬಿಡುತ್ತದೆ, ಆಮೇಲೆ ಹರಿದೇಹೋಗುತ್ತದೆ. ಎರಡು ತುದಿಯೂ ತೆರೆದಿರಲಿ, ಗಾಳಿ ಆಡಬೇಕು. ಹಗ್ಗವನ್ನು ದೋಣಿಯ ಕೆಳಗಿನ ದಿಮ್ಮಿಗಳಿಗೆ ಕಟ್ಟಲೇಬಾರದು. ಗಾಳಿ ಎಳೆದಾಗ ದಿಮ್ಮಿಯೇ ಜಾರಿಬರುತ್ತದೆ. ನೆಲದಲ್ಲಿ ಗೂಟ ಹೊಡೆಯಿರಿ. ಹಗ್ಗ ಉಜ್ಜುವ ಕಡೆ ಹಳೆ ಸೈಕಲ್ ಟ್ಯೂಬ್ ಸುತ್ತಿ.

ಬ್ಯಾಟರಿ, ಕ್ಯಾಬಿನ್ನಿನ ಹಾಸಿಗೆ, ಪರದೆ, ಹಗ್ಗ, ಲೈಫ್ ಜಾಕೆಟ್ ಎಲ್ಲ ಮನೆಗೆ. ಒಳಗಿನ ಪೆಟ್ಟಿಗೆಗಳ ಬಾಗಿಲು ತೆರೆದಿಡಿ. ಗೋಡೆಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ ಒಣಗಿಸಿದರೆ ಬೂಷ್ಟು ಕಡಿಮೆ. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿಗೆ ಹೋಗಿ ನೋಡಿ. ಮರದ ದಿಮ್ಮಿಗೆ ಗೆದ್ದಲು ಹತ್ತಿದೆಯಾ, ಬಿರಡೆಯ ತೂತು ಕಟ್ಟಿದೆಯಾ, ಕಲ್ಲು ಕುಸಿದಿದೆಯಾ, ಇಷ್ಟೇ. ಐದು ನಿಮಿಷದ ಕೆಲಸ.

ಎರಡನೇ ಭಾಗ: ಮಳೆ ಸುರಿಯುವಾಗ

ಈಗ ಕೆಲಸವೆಲ್ಲ ಜಗಲಿಯ ಮೇಲೆ. ಬ್ಯಾಟರಿ ಮನೆಗೆ ತಂದಿದ್ದೀರಲ್ಲ, ಮಲ್ಟಿಮೀಟರ್ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಕೂತು ಸಾಮರ್ಥ್ಯ ಹೋಗುತ್ತದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ವಯರಿಂಗ್ ಪೂರ್ತಿ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಹಳೆ ವಯರಿನ ತುದಿ ಒಂದಿಂಚು ಸುಲಿದು ನೋಡಿ. ತಾಮ್ರ ಕಪ್ಪಾಗಿ, ಹಸಿರು ಪುಡಿ ಬಂದಿದ್ದರೆ ಅದು ಒಳಗೂ ಹರಡಿದೆ. ಮನೆಯ ವಯರ್ ದೋಣಿಗೆ ಹಾಕಬೇಡಿ. ತವರ ಲೇಪದ ಮೆರೈನ್ ವಯರ್ ಬೆಲೆ ಜಾಸ್ತಿ, ಆದರೆ ಉಪ್ಪುಗಾಳಿಗೆ ನಿಲ್ಲುತ್ತದೆ. ತುದಿಗಳನ್ನು ಬೆಸುಗೆ ಹಾಕುವ ಬದಲು ಕ್ರಿಂಪ್ ಮಾಡಿ (ಒತ್ತಿ ಕೂರಿಸಿ), ಮೇಲೆ ಒಳಬದಿಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಕೂರಿಸಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲಿ. ಪ್ರತಿ ವಯರಿಗೂ ಎರಡೂ ತುದಿಯಲ್ಲಿ ಹೆಸರು ಅಂಟಿಸಿ. ಕತ್ತಲಲ್ಲಿ ಹೊಳೆ ಮಧ್ಯೆ ದೀಪ ಹೋದಾಗ ಆ ಚೀಟಿಯ ಬೆಲೆ ಗೊತ್ತಾಗುತ್ತದೆ.

ತಳದ ನೀರು ಹೊರಹಾಕುವ ಪಂಪಿನ ವಯರನ್ನು ಮುಖ್ಯ ಸ್ವಿಚ್ಚಿನ ಮೂಲಕ ತರಬೇಡಿ. ಅದರದ್ದೇ ಫ್ಯೂಸ್ ಹಾಕಿ ನೇರ ಬ್ಯಾಟರಿಗೆ ಕೊಡಿ. ನೀವು ಎಲ್ಲ ಆರಿಸಿ ಮನೆಗೆ ಹೋದ ಮೇಲೂ, ನೀರು ಏರಿದಾಗ ತಾನಾಗಿ ಪಂಪ್ ಓಡಿಸುವ ಫ್ಲೋಟ್ ಸ್ವಿಚ್ ಕೆಲಸ ಮಾಡಬೇಕು. ಬಕೆಟ್ ನೀರಿನಲ್ಲಿಟ್ಟು ಪಂಪ್, ಸ್ವಿಚ್ ಎರಡನ್ನೂ ಜಗಲಿಯಲ್ಲೇ ಪರೀಕ್ಷಿಸಬಹುದು.

ಸೋಲಾರ್ ಹಾಕುವ ಆಸೆ ಇದ್ದರೆ ಮೊದಲು ಲೆಕ್ಕ. ನಮ್ಮ ಒಂದು ರಾತ್ರಿಯ ವಾಸಕ್ಕೆ ಹೀಗಿದೆ: ಕ್ಯಾಬಿನ್ ದೀಪ 5 ವಾಟ್, 4 ಗಂಟೆ, 20. ಲಂಗರು ಹಾಕಿದಾಗ ಉರಿಸುವ ದೀಪ 2 ವಾಟ್, 11 ಗಂಟೆ, 22. ಆಳ ತೋರಿಸುವ ಸಾಧನ 8 ವಾಟ್, 6 ಗಂಟೆ, 48. ಎರಡು ಫೋನ್ 30. ಒಟ್ಟು 120 ವಾಟ್ ಗಂಟೆ. 50 ವಾಟಿನ ಪ್ಯಾನೆಲ್‌ಗೆ ದಿನಕ್ಕೆ 4 ಗಂಟೆ ಒಳ್ಳೆಯ ಬಿಸಿಲು ಹಿಡಿದರೆ 200, ನಷ್ಟ ಕಳೆದು 150. 40 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅರ್ಧ ಬಳಸಿದರೂ 240 ಇದೆ. ಅಂದರೆ 50 ವಾಟ್ ಸಾಕು. ದೊಡ್ಡ ಪ್ಯಾನೆಲ್ ಹಾಕಿದರೆ ಗಾಳಿಗೆ ಹಾಯಿಯಂತೆ ನಿಲ್ಲುತ್ತದೆ, ಅದಕ್ಕೆ ನಾನು ಬೇಡ ಅನ್ನುತ್ತೇನೆ.

ಉಳಿದದ್ದು ಚಿಕ್ಕ ಕೆಲಸ. ಲೈಫ್ ಜಾಕೆಟ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಹೊಲಿಗೆ ಎಳೆದು ನೋಡಿ. ಲಂಗರಿನ ಹಗ್ಗವನ್ನು ತುದಿ ಅದಲುಬದಲು ಮಾಡಿ ಕಟ್ಟಿ, ಸವೆದ ಭಾಗ ದೋಣಿಯ ಕಡೆಗೆ ಬರಲಿ. ಬೆಂಕಿ ಆರಿಸುವ ಸಿಲಿಂಡರನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿ, ಒಳಗಿನ ಪುಡಿ ಗಟ್ಟಿಯಾಗಿರಬಾರದು.

ಮೂರನೇ ಭಾಗ: ಬಿಸಿಲು ಬಿಟ್ಟ ಮೇಲೆ

ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಅವರ ಬೋಟುಗಳು ದೊಡ್ಡವು, ಅನುಭವವೂ ದೊಡ್ಡದು. ನಮ್ಮ ಪಕ್ಕದ ಮನೆಯಲ್ಲಿರುವ, ಬೋಟು ನಡೆಸುವ ತಾಂಡೇಲರನ್ನು ದೋಣಿ ಯಾವಾಗ ಇಳಿಸಲಿ ಎಂದು ಕೇಳಿದಾಗ, "ಚೌತಿ ಕಳೀಲಿ ಮಾರಾಯ್ರೆ, ಅಳಿವೆ ಇನ್ನೂ ತಣ್ಣಗಾಗಲಿಲ್ಲ" ಅಂದಿದ್ದರು. ಅಳಿವೆ ಅಂದರೆ ಹೊಳೆ ಕಡಲು ಸೇರುವ ಬಾಯಿ. ನಾನು ಅವರ ಮಾತನ್ನೇ ಪಾಲಿಸುತ್ತೇನೆ. ಆಗಸ್ಟ್ ಬಿಸಿಲು ಬಣ್ಣಕ್ಕೆ, ಚೌತಿಯ ನಂತರ ನೀರಿಗೆ.

ಬಣ್ಣಕ್ಕೆ ಮೊದಲು ತಳದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು. ಒಣಗಿದ್ದರೆ ಮರಳುಕಾಗದ ಉಜ್ಜಿ, ಒರೆಸಿ, ಚಿಪ್ಪು ಹಿಡಿಯದ ಆಂಟಿಫೌಲಿಂಗ್ ಬಣ್ಣ ಎರಡು ಕೋಟ್ ಹಚ್ಚಿ. ಹಿಂದೆ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚುತ್ತಿದ್ದರು. ಮರಕ್ಕೆ ಅದು ಚೆನ್ನ. ಫೈಬರಿಗೆ ಅದರಿಂದ ಉಪಯೋಗವಿಲ್ಲ. ಆಂಟಿಫೌಲಿಂಗ್ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಕಾಲಿಗೆ ಅದು ತಾಗಬಾರದು, ಉಪ್ಪುನೀರಿನಲ್ಲಿ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಎರಡರ ನಡುವೆ ಒಂದೆರಡು ಇಂಚು ಬಣ್ಣವಿಲ್ಲದೆ ಬಿಡಿ.

ಆ ತಿನ್ನುವಿಕೆಯನ್ನು ತನ್ನ ಮೇಲೆ ಎಳೆದುಕೊಂಡು ಎಂಜಿನ್ ಉಳಿಸುವುದು ಆನೋಡ್ ಎಂಬ ಲೋಹದ ತುಂಡು. ಅರ್ಧ ಸವೆದಿದ್ದರೆ ಬದಲಿಸಿ. ಬರೀ ಕಡಲಲ್ಲಿ ಇರುವ ದೋಣಿಗೆ ಸತುವಿನದು ಸರಿ. ನಮ್ಮ ಹಾಗೆ ಅಳಿವೆಯ ಸವಳು ನೀರಿನಲ್ಲಿ ಕಟ್ಟುವವರಿಗೆ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಅದರ ಮೇಲೆ ಅಪ್ಪಿತಪ್ಪಿಯೂ ಬಣ್ಣ ಹಚ್ಚಬೇಡಿ. ಬಣ್ಣ ಹಚ್ಚಿದ ಆನೋಡ್ ಇದ್ದೂ ಇಲ್ಲದಂತೆ.

ಇಳಿಸುವ ದಿನ ಮೊದಲ ಕೆಲಸ, ಕೀಲಿಕೈಗೆ ಕಟ್ಟಿದ ಬಿರಡೆ ತೆಗೆದು ತೂತಿಗೆ ಹಾಕುವುದು. ನೀರಿಗೆ ಇಳಿದ ಮೇಲೆ ಹಗ್ಗ ಬಿಚ್ಚಬೇಡಿ. ನೆಲದ ಹಲಗೆ ಎತ್ತಿ, ಹಳೆ ಪೇಪರಿನ ಪಟ್ಟಿಗಳನ್ನು ಬಿರಡೆಯ ಸುತ್ತ, ಟ್ರಾನ್ಸಮ್ಮಿನ ಬೋಲ್ಟುಗಳ ಕೆಳಗೆ, ತೇಪೆ ಹಾಕಿದ ಜಾಗದ ಒಳಬದಿಯಲ್ಲಿ ಇಡಿ. ಅರ್ಧ ಗಂಟೆ ಕಾಯಿರಿ. ಕಣ್ಣಿಗೆ ಕಾಣದ ಸೋರಿಕೆ ಪೇಪರಿನಲ್ಲಿ ಕಪ್ಪು ಕಲೆಯಾಗಿ ಕಾಣುತ್ತದೆ. ಆಮೇಲೆ ಹೊಸ ಪೆಟ್ರೋಲ್ ಹಾಕಿ ಎಂಜಿನ್ ಶುರು ಮಾಡಿ, ಪಕ್ಕದ ತೂತಿನಿಂದ ನೀರು ಬರುತ್ತಿದೆಯಾ ನೋಡಿ. ಮೊದಲ ಎರಡು ಸುತ್ತಾಟ ಹೊಳೆಯೊಳಗೇ ಇರಲಿ. ಬಂದ ಮೇಲೆ ಹಲಗೆ ಎತ್ತಿ ಪೇಪರನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಒಣಗಿದ್ದರೆ ಮೂರನೇ ಸಲ ಅಳಿವೆ ದಾಟಬಹುದು.